ಮೂರನೆಯ ದಿನದ ಹಾಲು ತುಪ್ಪ

ಗುಡೇಮಾರನಹಳ್ಳಿ,
ಮಾಗಡಿ ತಾಲ್ಲೂಕು.
೮ ಏಪ್ರಿಲ್ ೨೦೨೪, ಸೋಮವಾರ

ನನ್ನ ಮುದ್ದು ಎಲ್ಸಿಗೆ,

ಸರ್ವೇಶ್ವರನಿಗೆ ಸ್ತೋತ್ರ. ನೋಡು, ಮತ್ತೆ ಎಲ್ಸಿ ಎಂದೇ ಬರೆದುಬಿಟ್ಟೆ. ಕವರಿನ ಮೇಲೆ ‘ಸಿಸ್ಟರ್ ಮರಿಯ ಕರುಣಾ’ ಎಂದು ನೆಟ್ಟಗೆ ಬರೆಯುತ್ತೇನೆ, ಒಳಗಡೆ ನಾನು ಇಟ್ಟ ಹೆಸರೇ ಇರಲಿ. ನಿಮ್ಮ ಮದರ್ ಕಾಗದಗಳನ್ನು ಮೊದಲು ತಾವು ಓದುತ್ತಾರಂತಲ್ಲ, ಓದಿ ನಕ್ಕರೆ ನಗಲಿ.

ಕಾಗದ ತಡವಾಯಿತು, ಮುನಿಸಿಕೊಳ್ಳಬೇಡ. ತಪಸ್ಸುಕಾಲದಲ್ಲಿ ನಿಮ್ಮ ಮಠದೊಳಗೆ ಯಾರ ಕಾಗದವನ್ನೂ ಕೊಡುವುದಿಲ್ಲ, ಅದು ಸರಿ. ಯೇಸು ಎದ್ದು ಪಾಸ್ಕ ಹಬ್ಬವೂ ಕಳೆದು ವಾರವಾಯಿತಲ್ಲ, ಈಗೇನು ದಾಡಿ ಎಂದು ನೀನು ಕೇಳುತ್ತೀ. ಹುಳು ಕಣಮ್ಮ, ಹುಳು! ರೇಷ್ಮೆಹುಳು ಹಣ್ಣಾದದ್ದು, ಗೂಡು ಕಟ್ಟಿದ್ದು, ಗೂಡು ಬಿಡಿಸಿದ್ದು, ನಿಮ್ಮಪ್ಪ ಅದನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದದ್ದು, ಎಲ್ಲಾ ಆಗಿ ಇವತ್ತು ಪೆನ್ನು ಹಿಡಿದಿದ್ದೇನೆ. ಈ ಸಲ ಗೂಡು ಗಟ್ಟಿಯಾಗಿ ಬಂದಿತ್ತು. ನಿಮ್ಮಪ್ಪ ಮಾರುಕಟ್ಟೆಯಿಂದ ಬರುವಾಗ ನನಗೆ ಗೊತ್ತಾಗದ ಹಾಗೆ ಮೈಸೂರುಪಾಕು ತಿಂದು ಬಂದರು. ಅಂಗಿಯ ಮೇಲೆ ಪುಡಿ ಇತ್ತು. ಸಕ್ಕರೆ ಕಾಯಿಲೆಯವರಿಗೆ ಇದೆಲ್ಲಾ ಬೇಕಾ ಎಂದರೆ, ‘ಪಾಸ್ಕ ಕಾಲ ಕಣೇ, ಸಂತೋಷ ಪಡಬೇಕು ಅಂತ ಸ್ವಾಮಿಗಳೇ ಹೇಳವ್ರೆ’ ಎನ್ನುತ್ತಾರೆ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಾಗ ಎಮ್ಮೆಗಳಿಗೆ ಪಥ್ಯ ಹೇಳುತ್ತಿದ್ದವರು ಇವರೇ.

ಬಿಸಿಲನ್ನಂತೂ ಕೇಳಬೇಡ. ಹುಳುಮನೆಯ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ, ಗಳಿಗೆಗೊಂದು ಸಲ ನೀರು ಚಿಮುಕಿಸಿ ಹುಳುಗಳನ್ನು ಉಳಿಸಿಕೊಂಡೆವು. ಮಾಗಡಿ ಚರ್ಚಿಗೆ ಹೊಸದಾಗಿ ಬಂದಿರುವ ಫಾದರ್ ವಲೇರಿಯನ್ ಮಂಗಳೂರಿನ ಕಡೆಯವರು, ರೇಷ್ಮೆಹುಳುವನ್ನು ಹುಟ್ಟಿದ ಮೇಲೆ ಕಂಡವರಲ್ಲ. ಮನೆ ಆಶೀರ್ವಾದಕ್ಕೆ ಬಂದವರು ಧೂಪದ ಪಾತ್ರೆ ತೂಗಿಸುತ್ತಾ ಸೀದಾ ಹುಳುಮನೆಗೇ ನುಗ್ಗಿಬಿಡುವುದೇ! ನಿಮ್ಮಪ್ಪ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತು, ‘ಸ್ವಾಮಿ, ದೇವ್ರಾಣೆಗೂ ಒಳಗೆ ಹೊಗೆ ಬ್ಯಾಡಿ, ನಿಮ್ ಆಶೀರ್ವಾದಕ್ಕೆ ಅಷ್ಟೂ ಸತ್ತೋಯ್ತವೆ’ ಎಂದರು. ಪಾಪ, ಸ್ವಾಮಿಗಳು ಹೊಸ್ತಿಲಾಚೆಯಿಂದಲೇ ಶಿಲುಬೆಗುರುತು ಹಾಕಿ ಹೋದರು. ಒಳ್ಳೆಯ ಮನುಷ್ಯ, ಚೆನ್ನಾಗಿ ಹಾಡುತ್ತಾರೆ.

ಇನ್ನು ಪಕ್ಕದ ಮನೆ ಮುನಿಯಮ್ಮಕ್ಕನ ವಿಷಯ. ಇಷ್ಟು ಹೊತ್ತು ಅದೂ ಇದೂ ಬರೆದದ್ದು ಇದಕ್ಕೆ ಬರುವ ಧೈರ್ಯ ಸಾಲದೆ.

ಅವಳ ಲೋಕೇಶ ಹೋದ ಸುದ್ದಿಯನ್ನು ಆಗಲೇ ಮಠಕ್ಕೆ ಫೋನು ಮಾಡಿ ತಿಳಿಸಿದ್ದೆವು. ನಿಮ್ಮಪ್ಪ ಎರಡು ಮಾತು ಹೇಳಿ ಇಟ್ಟುಬಿಟ್ಟರು, ಅವರ ಕೈಲಿ ಆಗಲಿಲ್ಲ. ಸಂಕ್ರಾಂತಿ ಕಳೆದು ವಾರಕ್ಕೆ, ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿಕೊಂಡು ಬೈಕಿನಲ್ಲಿ ಬರುತ್ತಿದ್ದವನಿಗೆ ಲಾರಿ ಗುದ್ದಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ನನ್ನ ಅಂಗನವಾಡಿಯಲ್ಲಿ ನಿನ್ನ ಪಕ್ಕದಲ್ಲೇ ಕೂತು ನಿನ್ನ ಪಾಲಿನ ಉಪ್ಪಿಟ್ಟನ್ನೂ ತಿಂದುಬಿಡುತ್ತಿದ್ದ ಮಗು ಅದು. ಬೈರಪ್ಪಣ್ಣನಿಗೂ ಮುನಿಯಮ್ಮಕ್ಕನಿಗೂ ಇದ್ದ ಮಗ ಅವನೊಬ್ಬನೇ. ಹೆಣ್ಣು ನೋಡುತ್ತಿದ್ದರು.

ಮುನಿಯಮ್ಮಕ್ಕ ಅಳಲಿಲ್ಲ ಎಲ್ಸಿ. ಹೆಣ ಮನೆಗೆ ಬಂದಾಗಲೂ ಇಲ್ಲ, ಎತ್ತಿಕೊಂಡು ಹೋಗುವಾಗಲೂ ಇಲ್ಲ. ಮೂರನೇ ದಿನ ನಂಟರು ಇಷ್ಟರು ಹಾಲು ತುಪ್ಪ ಬಿಡಲು ಗುಂಡಿಯ ಹತ್ತಿರ ಹೊರಟರೆ ಇವಳು ಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ‘ನಾನ್ ಬಿಡಾಕಿಲ್ಲ. ನನ್ ಕೈಯಲ್ಲಿ ಹಾಲು ಬುಟ್ರೆ ಅವನು ಸತ್ತಂಗೆ’ ಎಂದು ಒಳಗಿನಿಂದಲೇ ಹೇಳಿದಳು. ಹೆತ್ತವಳನ್ನು ಬಿಟ್ಟು ಉಳಿದವರು ಹೋಗಿ ಬಿಟ್ಟು ಬಂದರು. ಅವತ್ತಿನಿಂದ ಅವಳ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಗಂಜಿಯೋ ಕಾಫಿಯೋ ಕುಡಿದರೆ ಕುಡಿದಳು, ಇಲ್ಲದಿದ್ದರೆ ಅದೂ ಇಲ್ಲ. ದಪ್ಪ ಬಳೆ ಹಾಕಿಕೊಂಡು ಒಂದೇ ಏಟಿಗೆ ತೆಂಗಿನಕಾಯಿ ಒಡೆಯುತ್ತಿದ್ದ ಕೈ ಕಡ್ಡಿಯಾಯಿತು. ಮಾಗಡಿಯ ಡಾಕ್ಟರು ಬೈರಪ್ಪಣ್ಣನನ್ನು ಪಕ್ಕಕ್ಕೆ ಕರೆದು, ‘ಹಿಂಗೇ ಆದ್ರೆ ಇವ್ರನ್ನೂ ಕಳ್ಕೊತೀರಾ’ ಎಂದು ಹೇಳಿದರಂತೆ.

ನಾನು ದಿನಾ ಸಂಜೆ ಹೋಗಿ ಅವಳ ಜಗಲಿಯಲ್ಲಿ ಕೂರುತ್ತಿದ್ದೆ. ನನಗೆ ಅದಕ್ಕಿಂತ ಬೇರೇನು ಬರುತ್ತೆ ಹೇಳು? ದೇವರ ಮಾತೆತ್ತಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಮನೆಯಿಂದ ಅವರೆಕಾಯೋ ಸೊಪ್ಪೋ ತೆಗೆದುಕೊಂಡು ಹೋಗಿ ಬಿಡಿಸುತ್ತಾ ಕೂತಿರುವುದು, ಕೈ ಖಾಲಿಯಾದಾಗ ಸೆರಗಿನೊಳಗೆ ಜಪಸರ ಉರುಳಿಸುವುದು. ಅವಳು ಬೀದಿ ನೋಡುತ್ತಾ ಕೂತಿರುತ್ತಿದ್ದಳು. ಕತ್ತಲಾದರೆ ‘ಬರ್ಲಾ ಅಕ್ಕ’ ಎಂದು ಎದ್ದು ಬರುತ್ತಿದ್ದೆ.

ಅಷ್ಟಕ್ಕೇ ಊರಿನಲ್ಲಿ ಮಾತು ಹುಟ್ಟಿತು. ಡೈರಿಗೆ ಹಾಲು ಹಾಕುವ ಕಡೆ ಕೆಂಚಮ್ಮ ನಾಲ್ಕು ಜನರ ಮುಂದೆ, ‘ಟೀಚರವ್ವ ಸುಮ್ಸುಮ್ಕೆ ಹೋಗ್ತಾರಾ? ಸೆರಗಲ್ಲಿ ಅದೇನೋ ಮಣಿ ಇಟ್ಕಂಡು ಮಂತ್ರ ಹಾಕ್ತಾರೆ. ಮುನಿಯಮ್ಮನ್ನ ಅವ್ರ ಜಾತಿಗೆ ಸೇರ್ಸ್ಕೊಳ್ಳೋ ಪಿಲಾನು’ ಎಂದಳಂತೆ. ನನಗೆ ಮೈಯೆಲ್ಲಾ ಉರಿದುಹೋಯಿತು. ಅವಳ ಮೂರು ಮಕ್ಕಳಿಗೂ ಅ ಆ ಇ ಈ ತಿದ್ದಿಸಿದವಳು ನಾನು, ಮೂಗು ಒರೆಸಿದವಳೂ ನಾನೇ. ನಿಮ್ಮಪ್ಪ, ‘ಸುಮ್ನಿರೇ, ಆಡೋರ ಬಾಯಿಗೆ ಬೀಗ ಹಾಕಕ್ಕಾಯ್ತದಾ’ ಎಂದರು. ಉರಿಗಿಂತ ಭಯ ಹೆಚ್ಚಾಯಿತು ಎಂದೇ ಹೇಳಬೇಕು. ಕಾಲ ಹೇಗಿದೆ ನೋಡು, ಇಡೀ ಊರಿಗೆ ನಮ್ಮದೊಂದೇ ಕ್ರೈಸ್ತರ ಮನೆ. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ.

ಆಗ ಬೈರಪ್ಪಣ್ಣನೇ ಬಂದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ನಿಂತ.

“ಯಾಕವ್ವ, ಎಲ್ಡು ದಿನದಿಂದ ಬರ್ನಿಲ್ಲ? ಅವ್ಳು ಬೀದಿ ಬಾಗ್ಲು ನೋಡ್ತಾ ಕೂತವ್ಳೆ.”

“ಜನ ಏನೇನೋ ಮಾತಾಡ್ಕತಾವ್ರೆ ಅಣ್ಣ. ನಿಂಗೆ ಕೆಟ್ಟ ಹೆಸ್ರು ಯಾಕೆ ಅಂತ...”

“ಯಾವ್ ಜಾತಿಗಾರಾ ಸೇರ್ಸ್ಕೊ ತಾಯಿ, ಅವ್ಳು ಒಂದ್ ತುತ್ತು ಉಂಡ್ರೆ ಸಾಕು” ಎಂದ. ಎಂದವನು ಗೋಡೆಯ ಕಡೆ ತಿರುಗಿಕೊಂಡ.

ಅವತ್ತೇ ಹೋದೆ. ಅವತ್ತು ಜಪಸರವನ್ನು ಸೆರಗಿನಿಂದ ಹೊರಗೆ ತೆಗೆದು ತೊಡೆಯ ಮೇಲೇ ಇಟ್ಟುಕೊಂಡೆ. ಮಂತ್ರ ಎನ್ನುವವರು ನೋಡಿಯೇ ಅನ್ನಲಿ, ಕದ್ದುಮುಚ್ಚಿ ಮಾಡುವ ಕೆಲಸ ಯಾವುದಿದೆ? ಮುನಿಯಮ್ಮಕ್ಕ ಅದನ್ನು ನೋಡಿದಳು.

ಇಷ್ಟಾಗುವಾಗ ಶುಭ ಶುಕ್ರವಾರ ಬಂತು. ಹುಳುಗಳಿಗೂ ನಮ್ಮ ಮೇಲೆ ಏನು ಹಗೆಯೋ, ಅವತ್ತು ಬೆಳಿಗ್ಗೆ ಎದ್ದು ನೋಡಿದರೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತಿವೆ. ಮೈಯೆಲ್ಲಾ ಜೇನಿನ ಬಣ್ಣ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕದೆ ಬಿಟ್ಟರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತವೆ, ನಿನಗೆ ಗೊತ್ತೇ ಇದೆ. ಚಿಕ್ಕವಳಿದ್ದಾಗ ನೀನೂ ಆರಿಸಿದವಳೇ ತಾನೆ. ಮೂರು ಗಂಟೆಯ ಆರಾಧನೆಗೆ ನಾವಿಬ್ಬರೂ ಮಾಗಡಿಗೆ ಹೊರಡಬೇಕಿತ್ತು. ಶಿಲುಬೆ ಹಾದಿಯಲ್ಲಿ ಹಾಡು ಹೇಳಿಕೊಡುವುದು ವರ್ಷವರ್ಷವೂ ನಾನೇ. ನಿಮ್ಮಪ್ಪ ಫಾದರಿಗೆ ಫೋನು ಮಾಡಿ ಅಳುವ ಧ್ವನಿಯಲ್ಲಿ ವಿಷಯ ಹೇಳಿದರು. ‘ಬಾವಿಗೆ ಬಿದ್ದ ದನವನ್ನು ಎತ್ತಲು ಯಾರಾದರೂ ವಾರ ನೋಡುತ್ತಾರಾ ಇನ್ನಾಸಪ್ಪನವರೇ? ಹುಳ ನೋಡಿಕೊಳ್ಳಿ. ನೀವು ಇದ್ದಲ್ಲಿಗೇ ಅವನು ಶಿಲುಬೆ ಹೊತ್ತುಕೊಂಡು ಬರುತ್ತಾನೆ’ ಎಂದರಂತೆ. ಧೂಪ ಹಿಡಿದು ನುಗ್ಗಿದವರ ಬಾಯಿಂದ ಎಷ್ಟು ಒಳ್ಳೆಯ ಮಾತು ಬಂತು ನೋಡು.

ಒಲೆ ಹಚ್ಚಲಿಲ್ಲ. ಮೂರು ಗಂಟೆಯವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ನಿಮ್ಮಪ್ಪನ ಉಪವಾಸ ಅಂದರೆ ನಿನಗೆ ಗೊತ್ತಲ್ಲ, ಅವತ್ತು ನಶ್ಯವನ್ನೂ ಮೂಗಿಗೆ ಏರಿಸುವುದಿಲ್ಲ. ನಾವಿಬ್ಬರೇ ಬಾಗಿ ಬಾಗಿ ಹುಳು ಆರಿಸುತ್ತಿದ್ದೆವು. ಒಂದು ಗಂಟೆಯ ಹೊತ್ತಿಗೆ ಯಾರೋ ಹಿತ್ತಲ ಬಾಗಿಲು ತಳ್ಳಿದರು.

ನೋಡಿದರೆ ಮುನಿಯಮ್ಮಕ್ಕ! ತಿಂಗಳುಗಟ್ಟಲೆ ತನ್ನ ಮನೆಯ ಜಗಲಿ ಇಳಿಯದವಳು, ತಲೆಯ ಮೇಲೆ ಕುಕ್ಕೆ ಹೊತ್ತುಕೊಂಡು ಬಂದು ನಮ್ಮ ಹಿತ್ತಲಲ್ಲಿ ನಿಂತಿದ್ದಾಳೆ. ತೆಳ್ಳಗಾಗಿ ರವಿಕೆಯ ತೋಳು ಜೋಲುತ್ತಿತ್ತು.

“ಅಕ್ಕಾ, ಇದೇನಕ್ಕ?”

“ಬೆಳಗ್ಗಿಂದ ನಿಮ್ಮನೆ ಕುಕ್ಕರ್ ಕೂಗ್ನಿಲ್ಲ. ಒಗ್ಗರಣೆ ವಾಸ್ನೆ ಇಲ್ಲ. ಇವತ್ತು ನಿಮ್ ದ್ಯಾವ್ರು ಸತ್ತ ದಿನ ಅಲ್ವಾ?”

“ಹೂಂ ಕಣಕ್ಕ.”

“ಮತ್ತೆ? ಸಾವಾದ ಮನೇಲಿ ಒಲೆ ಹಚ್ಚಾಕಿಲ್ಲ, ಅಕ್ಕಪಕ್ಕದೋರೇ ತಂದು ಉಣ್ಣುಸ್ಬೇಕು. ನಮ್ಮನೇಲಿ ಆದಾಗ ನೀನು ತರ್ನಿಲ್ವಾ?”

ಕುಕ್ಕೆ ಇಳಿಸಿದಳು. ಮುದ್ದೆ, ಉಪ್ಪುಸಾರು, ಒಂದು ಡಬ್ಬಿಯಲ್ಲಿ ಅನ್ನ. ಇಷ್ಟು ವರ್ಷ ನಾವು ಉಪವಾಸ ಇದ್ದದ್ದನ್ನು ನೋಡಿದವಳೇ, ಯಾವ ವರ್ಷವೂ ಹೀಗೆ ತಂದವಳಲ್ಲ. ಈ ವರ್ಷ ಅವಳಿಗೆ ಸಾವು ಎಂದರೆ ಏನೆಂದು ಗೊತ್ತಿತ್ತು. ಮಗ ಹೋದ ಮೇಲೆ ಅವಳು ತನ್ನ ಕೈಯಿಂದ ಒಲೆ ಹಚ್ಚಿದ್ದು ಅದೇ ಮೊದಲು, ಅದೂ ನಮ್ಮ ಯೇಸುವಿನ ಸಾವಿಗೆ.

“ನೀನು ಉಂಡ್ಯಾ ಅಕ್ಕ?” ಎಂದೆ.

“ಸಾವಿನ ಮನೆಯೋರು ಉಂಡ್ಮೇಲೆ ತಾನೆ ಮಿಕ್ಕೋರು ಉಣ್ಣಾದು. ನೀನು ಉಣ್ಣು, ಆಮೇಲೆ ನೋಡನ.”

ಗಡಿಯಾರ ನೋಡಿದೆ. ಬುದ್ಧಿ ಬಂದಾಗಿನಿಂದ ಶುಭ ಶುಕ್ರವಾರದ ದಿನ ಮೂರು ಗಂಟೆಗೆ ಮುಂಚೆ ನಾನು ಅನ್ನ ಮುಟ್ಟಿದವಳಲ್ಲ, ಜ್ವರ ಬಂದಾಗಲೂ ಇಲ್ಲ. ಇನ್ನೆರಡು ಗಂಟೆ ತಡಿ ಅಕ್ಕ ಎನ್ನಬಹುದಿತ್ತು. ಅಂದಿದ್ದರೆ ಅವಳು ಕುಕ್ಕೆ ಇಟ್ಟು ಮನೆಗೆ ಹೋಗುತ್ತಿದ್ದಳು, ಉಣ್ಣುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕೈ ತೊಳೆದುಕೊಂಡು ಬಂದು ಕೂತೆ. ಮುದ್ದೆ ಮುರಿದೆ. ಯೇಸುವೇ, ನೀನು ನೋಡುತ್ತಿದ್ದೀಯಲ್ಲ ಎಂದುಕೊಂಡು ನುಂಗಿದೆ. ನಿಮ್ಮಪ್ಪ ನನ್ನನ್ನೇ ನೋಡುತ್ತಾ ನಿಂತಿದ್ದರು. ಬೈಯುತ್ತಾರೇನೋ ಎಂದುಕೊಂಡೆ. ‘ನಂಗೂ ಇಕ್ಕವ್ವ’ ಎಂದು ಪಕ್ಕದಲ್ಲಿ ಚಕ್ಕಲಮಕ್ಕಲ ಹಾಕಿಕೊಂಡು ಕೂತೇಬಿಟ್ಟರು.

ನಾನು ಅರ್ಧ ಮುದ್ದೆ ತೆಗೆದು ಅವಳ ಮುಂದೆ ಇಟ್ಟೆ. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿ, ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡಳು. ಇನ್ನೊಂದು ತುತ್ತು. ಮತ್ತೊಂದು. ‘ಉಪ್ಪು ಒಸಿ ಜಾಸ್ತಿ ಆಗೈತೆ’ ಎಂದಳು. ಉಪ್ಪು ಜಾಸ್ತಿಯೇ ಆಗಿತ್ತು. ನಮ್ಮ ಪಾಲಿಗೆ ಅಂಥ ಊಟ ಮತ್ತೆ ಸಿಗುವುದಿಲ್ಲ ಎಲ್ಸಿ.

ಉಂಡ ಮೇಲೆ ಮನೆಗೆ ಹೋಗಲಿಲ್ಲ. ಸೆರಗು ಸಿಕ್ಕಿಸಿ, ಕಾಲು ತೊಳೆದು ಹುಳುಮನೆಗೆ ಬಂದಳು. ಮೂರು ಹೊಡೆಯುವವರೆಗೂ ಮಾತಿಲ್ಲದೆ ಆರಿಸಿದಳು. ಮೂರು ಗಂಟೆಗೆ ನಾವಿಬ್ಬರೂ ಮೊಣಕಾಲೂರಿದೆವು. ಅವಳು ಕೈಯಲ್ಲಿ ಹುಳು ಹಿಡಿದುಕೊಂಡು ಹಾಗೇ ನಿಂತಳು.

“ಈಗ ಹೋದ್ರಾ?” ಎಂದು ಮೆಲ್ಲಗೆ ಕೇಳಿದಳು.

“ಹೂಂ. ಈ ಹೊತ್ಗೇ.”

“ತಾಯಿ ಇದ್ಲಾ ಅವ್ರಿಗೆ?”

“ಇದ್ಲು ಕಣಕ್ಕ. ಶಿಲುಬೆ ಕೆಳಗೇ ನಿಂತಿದ್ಲು, ಕೊನೇ ಉಸಿರು ಇರೋಗಂಟ.”

“ನಿಂತಿದ್ಲಾ? ಕಣ್ಣಾರೆ ನೋಡುದ್ಲಾ?” ಎಂದಳು. ಆಮೇಲೆ, “ಪುಣ್ಯವಂತೆ. ನಂಗೆ ಅದೂ ಸಿಗ್ನಿಲ್ಲ” ಎಂದಳು.

ಅಷ್ಟು ಹೇಳಿದವಳೇ ಹುಳುವನ್ನು ಜೋಪಾನವಾಗಿ ಚಂದ್ರಿಕೆಯ ಮೇಲಿಟ್ಟು ಹೊರಗೆ ಓಡಿದಳು. ನಮ್ಮ ಜಗಲಿಯಲ್ಲಿ ಬಿದ್ದು ಅತ್ತಳು ನೋಡು. ಸಂಕ್ರಾಂತಿಯಿಂದ ಒಳಗೆ ಕಟ್ಟಿಕೊಂಡದ್ದೆಲ್ಲಾ ಹೊರಗೆ ಬಂತು. ಸೊಲ್ಲು ಸೊಲ್ಲಿಗೂ ಲೋಕೇಶ, ನನ್ನಪ್ಪ, ನನ್ ಬಂಗಾರ. ನಾನು ಅವಳನ್ನು ತಬ್ಬಿಕೊಂಡು ಕೂತು ಅವಳ ಜೊತೆಯಲ್ಲಿ ನಾನೂ ಅತ್ತೆ. ಬೀದಿಯ ಹೆಂಗಸರೆಲ್ಲಾ ಓಡಿ ಬಂದರು. ಬಂದವರು ನೋಡುತ್ತಾ ನಿಲ್ಲಲಿಲ್ಲ, ಇವಳು ಅಳಲಿ, ಅತ್ತರೆ ಬದುಕುತ್ತಾಳೆ ಎಂದು ಕೆಂಚಮ್ಮನೇ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋಗಿ ಹುಳು ಆರಿಸಲು ಕೂರಿಸಿದಳು. ಕೆಂಚಮ್ಮನ ಬಾಯಿ ಎಷ್ಟು ಚುರುಕೋ ಕೈಯೂ ಅಷ್ಟೇ ಚುರುಕು. ಸಂಜೆಯೊಳಗೆ ಅಷ್ಟೂ ಹುಳು ಚಂದ್ರಿಕೆ ಸೇರಿದವು. ‘ಮುಯ್ಯಾಳು ಟೀಚರವ್ವ, ಬರೋ ತಿಂಗ್ಳು ನಮ್ಮನೆ ಹುಳಕ್ಕೆ ನೀವು ಬರ್ಬೇಕು’ ಎಂದು ಹೇಳಿ ಹೋದಳು. ಡೈರಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಲ್ಲಿಗೆ ಬರೆದು ಕರೆಂಟು ಹೋಗಿ ನಿಲ್ಲಿಸಿದ್ದೆ. ಈಗ ಊಟ ಮಾಡಿ ಬಂದು ಮುಂದಿನದನ್ನು ಬರೆಯುತ್ತಿದ್ದೇನೆ.

ಪಾಸ್ಕ ಭಾನುವಾರ. ಜಾಗರಣೆಯ ಪೂಜೆ ಮುಗಿಸಿಕೊಂಡು ಬಂದು, ಬೆಳಿಗ್ಗೆ ನಾನು ಕೋಳಿ ಸಾರಿಗೆ ಖಾರ ರುಬ್ಬುತ್ತಿದ್ದೆ. ಮುನಿಯಮ್ಮಕ್ಕ ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಾಳೆ, ಒಗೆದ ಸೀರೆ, ಒಂದು ಕೈಯಲ್ಲಿ ಚೊಂಬಿನ ತುಂಬ ಹಾಲು, ಇನ್ನೊಂದರಲ್ಲಿ ತುಪ್ಪದ ಗಿಂಡಿ.

“ನಡಿ ಲೂರ್ದವ್ವ. ಇವತ್ತು ಮೂರ್ನೇ ದಿನ ಅಲ್ವಾ? ಎಲ್ಲಿ ಮಣ್ಣು ಮಾಡವ್ರೆ ನಿಮ್ ದ್ಯಾವ್ರನ್ನ?”

ನಿಮ್ಮಪ್ಪನಿಗೆ ನಗು ತಡೆಯಲಾಗಲಿಲ್ಲ. ನಾನು ಒಂದು ಸಲ ಗುರಾಯಿಸಿದೆ, ಎದ್ದು ಹಿತ್ತಲಿಗೆ ಹೋದರು. ಅವಳನ್ನು ಕೂರಿಸಿಕೊಂಡೆ. ನಗುವ ಮಾತಾ ಅದು? ಮೂರನೇ ದಿನ ಸುಗಂಧ ತೆಗೆದುಕೊಂಡು ಗುಂಡಿಯ ಹತ್ತಿರ ಹೋದ ಹೆಂಗಸರೂ ಹೀಗೇ ಅಲ್ಲವಾ ಹೊರಟದ್ದು, ಹೀಗೇ ಬೆಳಿಗ್ಗೆ, ಹೀಗೇ ಕೈಯಲ್ಲಿ ಹಿಡಿದುಕೊಂಡು? ಇಷ್ಟು ವರ್ಷ ಆ ಮಾತನ್ನು ಕೇಳಿದ್ದೇನೆ, ಅವರ ಮುಖ ಹೇಗಿದ್ದೀತು ಎಂದು ಅವತ್ತು ಕಂಡೆ.

“ನಿನ್ನಂಗೇ ಹೆಂಗುಸ್ರು ಹೋಗಿದ್ರಂತೆ ಅಕ್ಕ, ಮೂರ್ನೇ ದಿನ” ಎಂದೆ.

“ಹೋಗಿ?”

ಮುಂದಿನದನ್ನು ಹೇಗೆ ಹೇಳಲಿ ಎಲ್ಸಿ? ಭಾನುವಾರ ಭಾನುವಾರ ವಿಶ್ವಾಸ ಸಂಗ್ರಹವನ್ನು ಗಟ್ಟಿಯಾಗಿ ಹೇಳುವವಳು ನಾನು, ಸತ್ತವರ ಪುನರುತ್ಥಾನವನ್ನು ನಂಬುತ್ತೇನೆ ಎಂದು. ಎದುರಿಗೆ ಮಗನನ್ನು ಮಣ್ಣು ಮಾಡಿದವಳು ಹಾಲು ಹಿಡಿದು ಕೂತಿದ್ದಾಳೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ, ನಿಜ ಹೇಳಿದರೆ ಅವಳ ಹೊಟ್ಟೆಗೆ ಬೆಂಕಿ.

“ಹೋದ್ರೆ ಗುಂಡಿ ಬರಿದಾಗಿತ್ತು ಕಣಕ್ಕ. ಅವ್ರು ಎದ್ದಿದ್ರು.”

ಚೊಂಬಿನ ಹಾಲಿಗೆ ನೊಣ ಬಂತು, ಸೆರಗಿನಿಂದ ಮುಚ್ಚಿಕೊಂಡಳು.

“ನಿಮ್ಮೋರು ಎದ್ರು. ನನ್ ಮಗ?”

ಇದಕ್ಕೇ ಹೆದರಿದ್ದೆ. ಅವಳ ಕೈ ಹಿಡಿದುಕೊಂಡೆ.

“ಏಳ್ತಾನೆ ಅಂತ ನಾನು ನಂಬೀನಿ ಅಕ್ಕ. ಹೆಂಗೆ, ಯಾವಾಗ ಅಂತ ಕೇಳ್ಬ್ಯಾಡ, ನಂಗೆ ತಿಳೀದು. ಆದ್ರೆ ನಂಬೀನಿ.”

“ನಂಗೆ ನಂಬಕ್ಕಾಗಾಕಿಲ್ಲ ಕಣವ್ವ.”

“ಬುಡು. ನಿನ್ನ ನಂಬು ಅಂದ್ನಾ ನಾನು? ನಿನ್ ಪಾಲಿಂದೂ ನಾನೇ ನಂಬ್ತೀನಿ. ಮುಯ್ಯಿ ಅಂದ್ಕೊ.”

ಅವಳು ನನ್ನ ಮುಖವನ್ನೇ ನೋಡಿದಳು. ತುಟಿಯ ಅಂಚಿನಲ್ಲಿ, ಹಳೆಯ ಮುನಿಯಮ್ಮಕ್ಕನ ಹಾಗೆ, ಒಂಚೂರು ನಗು ಬಂತು. “ಅಯ್ಯೋ ನಿನ್ನ, ಇಂಥ ಮುಯ್ಯಿನ ಹೆಂಗವ್ವ ತೀರ್ಸ್ಲಿ?” ಎಂದಳು. ಹಾಗೆಂದು ಚೊಂಬು ಎತ್ತಿಕೊಂಡಳು. “ಹಾಲು ಕಾಯ್ಸಿ ತಂದೀನಿ, ಕೆಟ್ಟೋಗ್ಬಾರ್ದು. ನಡಿ, ಲೋಕೇಶುನ್ ತಾವ್ಕೇ ಹೋಗನ.”

ನನ್ನ ಕೈಗೆ ತುಪ್ಪದ ಗಿಂಡಿ ಕೊಟ್ಟಳು. ಬೀದಿಯಲ್ಲಿ ನಾವಿಬ್ಬರೂ ನಡೆಯುತ್ತಿದ್ದರೆ ಎಲ್ಲರೂ ಬಾಗಿಲಿಗೆ ಬಂದು ನೋಡಿದರು. ಕೆಂಚಮ್ಮ ಒಳಗೆ ಓಡಿಹೋಗಿ ಊದುಕಡ್ಡಿ ತೆಗೆದುಕೊಂಡು ನಮ್ಮ ಹಿಂದೆ ಬಂದಳು. ಬೈರಪ್ಪಣ್ಣ ತೋಟದಿಂದ ಓಡೋಡಿ ಬಂದ, ಕಾಲಲ್ಲಿ ಚಪ್ಪಲಿ ಇಲ್ಲ. ಹೊಂಗೆಮರದ ಕೆಳಗೆ ಲೋಕೇಶನ ಮಣ್ಣು ಇನ್ನೂ ಹೊಸ ಗುಡ್ಡೆಯ ಹಾಗೇ ಇದೆ. ಮುನಿಯಮ್ಮಕ್ಕ ಕೂತು, ತಲೆಯ ಕಡೆಯಿಂದ ಕಾಲಿನ ಕಡೆಗೆ ಹಾಲು ಬಿಟ್ಟಳು. ‘ತಣ್ಣಗಿರಪ್ಪ, ತಣ್ಣಗಿರು ಮಗನೇ’ ಎಂದಳು. ನಾನು ತುಪ್ಪ ಬಿಟ್ಟೆ. ಪ್ರಭು ಇವನಿಗೆ ನಿತ್ಯ ವಿಶ್ರಾಂತಿ ಕೊಡಲಿ ಎಂದು ಎಲ್ಲರಿಗೂ ಕೇಳುವ ಹಾಗೇ ಹೇಳಿ ಶಿಲುಬೆಗುರುತು ಹಾಕಿಕೊಂಡೆ. ಬೈರಪ್ಪಣ್ಣ ಕೈಮುಗಿದ.

ನಿನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಫಾದರಿಗೆ ಎಲ್ಲಾ ಹೇಳಿ, ನಾನು ಮಾಡಿದ್ದರಲ್ಲಿ ತಪ್ಪಿದೆಯಾ ಸ್ವಾಮಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಲೂರ್ದಮ್ಮನವರೇ, ಈ ಸಲದ ಪಾಸ್ಕ ಪ್ರಸಂಗ ನಾನಲ್ಲ ಮಾಡಿದ್ದು, ನೀವು’ ಎಂದರು. ಸ್ವಾಮಿಗಳು ಹಾಗೆಲ್ಲ ಹೊಗಳಬಾರದು, ತಲೆ ತಿರುಗುತ್ತದೆ. ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದರೆ, ‘ಹಬ್ಬದ ದಿನ ಕೋಳಿ ಸಾರಿಗೆ ಉಪ್ಪು ಹಾಕೋದು ಮರ್ತ ಪ್ರಸಂಗಿ’ ಎಂದು ಗೇಲಿ ಮಾಡಿದರು.

ಈಗ ಮುನಿಯಮ್ಮಕ್ಕ ಉಣ್ಣುತ್ತಾಳೆ. ದಿನಾ ಅಳುತ್ತಾಳೆ, ಅತ್ತು ಉಣ್ಣುತ್ತಾಳೆ. ಡಾಕ್ಟರು ಇನ್ನು ಭಯವಿಲ್ಲ ಎಂದಿದ್ದಾರೆ. ನಾಳೆ ಯುಗಾದಿ, ವರ್ಷ ತುಂಬುವವರೆಗೆ ಅವರ ಮನೆಯಲ್ಲಿ ಹಬ್ಬವಿಲ್ಲ. ಒಬ್ಬಟ್ಟು ಮಾಡಿ ಕೊಡಲಾ ಎಂದರೆ ಬೇಡ ಎಂದಳು, ‘ಬೇಕಾದ್ರೆ ನಿಮ್ಮನೇಲಿ ಕೂತ್ಕಂಡು ತಿಂತೀನಿ’ ಎಂದಳು. ಬೇಳೆ ನೆನೆಹಾಕಿದ್ದೇನೆ. ನನ್ನ ಮನಸ್ಸು ಈಗ ತುಂಬಿಕೊಂಡಿದೆ ಮಗಳೇ. ದೊಡ್ಡದೇನನ್ನೂ ಮಾಡಿದವಳಲ್ಲ ನಾನು, ಆದರೂ ಈ ಸಲ ಯೇಸು ನಮ್ಮ ಬೀದಿಯಲ್ಲೇ ಸತ್ತು ನಮ್ಮ ಬೀದಿಯಲ್ಲೇ ಎದ್ದ ಹಾಗಾಯಿತು.

ನೀನು ಊಟ ಸರಿಯಾಗಿ ಮಾಡು. ತಣ್ಣೀರು ಸ್ನಾನ ಬೇಡ, ನಿನಗೆ ಶೀತದ ಮೈ. ಮದರ್ ಅವರಿಗೂ ಎಲ್ಲಾ ಸಿಸ್ಟರುಗಳಿಗೂ ನಮ್ಮ ಸ್ತೋತ್ರ ತಿಳಿಸು. ಲೋಕೇಶನ ಹೆಸರನ್ನು ನಿನ್ನ ಪ್ರಾರ್ಥನೆಯಲ್ಲಿ ಬಿಡಬೇಡ. ಮಾತೆ ಮರಿಯಮ್ಮನವರ ಸೆರಗು ಹಗಲೂ ಇರುಳೂ ನಿನ್ನ ಮೇಲಿರಲಿ. ನಿಮ್ಮಪ್ಪ ತಮ್ಮ ಹೆಬ್ಬೆರಳಿನಿಂದ ಈ ಕಾಗದದ ಮೇಲೆ ನಿನ್ನ ಹಣೆಗೆಂದು ಶಿಲುಬೆ ಎಳೆದಿದ್ದಾರೆ, ಕಾಣುವುದಿಲ್ಲ, ಇದೆ ಎಂದುಕೋ.

ಇಂತು ನಿನ್ನ ಅಮ್ಮ,
ಲೂರ್ದಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಉಳಿಸಿಕೊಂಡದ್ದು.

ಅವತ್ತು ಹೊಂಗೆಮರದಿಂದ ಹಿಂದಕ್ಕೆ ಬರುವಾಗ ಮುನಿಯಮ್ಮಕ್ಕ, ‘ಲೂರ್ದವ್ವ, ನೀನು ಸತ್ರೆ ಎಲ್ಸಿ ಬತ್ತಾಳಾ ಮಣ್ಣಿಗೆ?’ ಎಂದು ಕೇಳಿದಳು. ‘ಇಲ್ಲ ಕಣಕ್ಕ, ಒಳಗೆ ಸೇರ್ದೋರು ಯಾವ್ದಕ್ಕೂ ಆಚೆ ಬರಂಗಿಲ್ಲ, ಅಲ್ಲೇ ಪ್ರಾರ್ಥನೆ ಮಾಡ್ತಾಳೆ’ ಎಂದು ನಗುತ್ತಲೇ ಹೇಳಿದೆ. ಅವಳು ನಡೆಯುವುದನ್ನು ನಿಲ್ಲಿಸಿದಳು. ‘ನಂಗೆ ಮಗ ಬರಾಕಿಲ್ಲ, ನಿಂಗೆ ಮಗ್ಳು ಬರಾಕಿಲ್ಲ’ ಎಂದಳು. ಬೇಕೆಂದು ಚುಚ್ಚಿದ್ದಲ್ಲ, ಜೊತೆಗಾರ್ತಿ ಸಿಕ್ಕಳು ಎಂಬ ಹಾಗೆ ಹೇಳಿದಳು.

ನಿನ್ನನ್ನು ದೇವರಿಗೆ ಕೊಟ್ಟದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ, ಇದು ಸತ್ಯ. ನನಗೆ ಕಾಯಿಲೆಯೂ ಇಲ್ಲ, ಗಾಬರಿಯಾಗಬೇಡ. ಆದರೆ ಎಲ್ಲರೂ ಸಾಲಾಗಿ ಬಂದು ನನ್ನ ಮೇಲೆ ಮಣ್ಣು ಹಾಕುವಾಗ ನಿನ್ನ ಕೈ ಇರುವುದಿಲ್ಲ ಎಂಬುದು ನನಗೆ ನೋವು. ತುಂಬಾ ನೋವು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ನಿಮ್ಮ ಮಠದ ತೋಟದಲ್ಲಿ ನೀನು ಅಗೆಯುವ ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಪೋಸ್ಟಿನಲ್ಲಿ ಕಳಿಸು. ಆ ದಿನ ಬಂದಾಗ ನಿಮ್ಮಪ್ಪ ಇದ್ದರೆ ಅವರು, ಇಲ್ಲದಿದ್ದರೆ ಮುನಿಯಮ್ಮಕ್ಕ, ನಿನ್ನದೆಂದು ಹೇಳಿ ಹಾಕುತ್ತಾರೆ.

ಮದರ್, ಇದನ್ನು ನೀವೇ ಮೊದಲು ಓದುತ್ತೀರಿ ಎಂದು ನನಗೆ ಗೊತ್ತು. ಒಂದು ಹಿಡಿ ಮಣ್ಣಿಗೆ ನಿಮ್ಮ ನಿಯಮದಲ್ಲಿ ಅಡ್ಡಿ ಇರಲಾರದು. ದಯವಿಟ್ಟು ಅವಳ ಕೈಯಿಂದಲೇ ತೆಗೆಸಿ.